ಬೆಳಕು ನೋಡಲು ಕೂತವಳು

ಆಲ್ಬಮ್ಮು ಡಾಕ್ಟರ ಮೇಜಿನ ಮೇಲೆ ಬಿಚ್ಚಿಕೊಂಡ ಗಳಿಗೆಯಿಂದ ಸ್ಟುಡಿಯೋದವನಿಗೆ ತನ್ನ ಬಲಗೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ತೊಡೆಯ ಮೇಲಿಟ್ಟ, ಬೆವರಿತು. ಜೇಬಿಗೆ ಹಾಕಿದ; ಅಲ್ಲಿ ಸಿಗರೇಟಿನ ಪ್ಯಾಕು ಬೆರಳಿಗೆ ತಾಗಿ, ಕದಿಯುವಾಗ ಸಿಕ್ಕಿಬಿದ್ದವನ ಹಾಗೆ ಹೊರಗೆಳೆದುಕೊಂಡ. ಕೊನೆಗೆ ಆ ಕೈಯ ಮೇಲೆ ತಾನೇ ಕೂತ. ಪಕ್ಕದ ಕುರ್ಚಿಯಲ್ಲಿ ಹೆಂಡತಿ ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು. ಕಣ್ಣಿನ ಡಾಕ್ಟರು, ಅವನ ಅಕ್ಕನ ವಯಸ್ಸಿನ ಹೆಂಗಸು, ಆಗಲೇ ಅವಳ ಕಣ್ಣುಗಳ ಹೊರಮೂಲೆಗೆ ಚಿಕ್ಕ ಕನ್ನಡಿಗಳಿದ್ದ ಅಳತೆಪಟ್ಟಿ ಹಿಡಿದು, ಬಡಗಿ ಹಲಗೆ ಅಳೆದ ಹಾಗೆ ಅಳೆದಿದ್ದರು. ಬಲಗಣ್ಣು ಇಪ್ಪತ್ತೆರಡು, ಎಡಗಣ್ಣು ಇಪ್ಪತ್ತನಾಲ್ಕು ಮಿಲಿಮೀಟರು ಮುಂದೆ ಬಂದಿತ್ತು. ಬಣ್ಣದ ಚುಕ್ಕೆಗಳ ಪುಸ್ತಕ ಹಿಡಿದು ಅಂಕಿಗಳನ್ನು ಓದಿಸಿಯೂ ಆಗಿತ್ತು. "ಬಣ್ಣ ಸರಿಯಾಗಿ ಕಾಣ್ತಿದೆ. ಕಣ್ಣಿನ ನರಕ್ಕೆ ಪೆಟ್ಟು ಬಿದ್ದಿಲ್ಲ, ಅಷ್ಟು ಪುಣ್ಯ" ಅಂದಿದ್ದರು.

"ಥೈರಾಯ್ಡು ಹತೋಟಿಗೆ ಬಂತಲ್ಲ ಡಾಕ್ಟ್ರೇ. ಮಾತ್ರೆ ತಗೊಂಡು ರಕ್ತ ಎಲ್ಲ ಸರಿಹೋಯ್ತು ಅಂದ್ರು. ಮತ್ತೆ ಕಣ್ಣು ಯಾಕೆ ಹೀಗೆ?" ಎಂದು ಹೆಂಡತಿ ಕೇಳಿದಳು.

"ಮೈಯೊಳಗೆ ರೋಗ ತಡೆಯೋ ಶಕ್ತಿ ಇದೆಯಲ್ಲ, ಮನೆ ಕಾಯೋಕೆ ಸಾಕಿದ ಆ ನಾಯಿ ಮನೆಯವರನ್ನೇ ಕಚ್ಚೋಕೆ ನಿಂತಿದೆ ಕಣಮ್ಮ. ಮೊದಲು ಕುತ್ತಿಗೆ ಗ್ರಂಥಿಗೆ ಬಾಯಿ ಹಾಕ್ತು. ಅಲ್ಲಿ ಮಾತ್ರೆ ಕೊಟ್ಟು ಬಿಡಿಸಿದ್ರು. ಕಣ್ಣಿನ ಹಿಂದೆ ಇರೋ ಕೊಬ್ಬು, ಸ್ನಾಯುಗೂ ಬಾಯಿ ಹಾಕಿತ್ತು, ಅದನ್ನ ಯಾರೂ ನೋಡಲಿಲ್ಲ. ಅವು ಊದಿಕೊಳ್ತವೆ. ಸುತ್ತ ಇರೋ ಮೂಳೆ ಗೂಡು ಹಿಗ್ಗಲ್ಲ. ಹಿಂದಿನಿಂದ ನೂಕಿದರೆ ಕಣ್ಣು ಬಾಗಿಲಿಗೆ ಬರದೆ ಎಲ್ಲಿಗೆ ಹೋಗುತ್ತೆ?" ಡಾಕ್ಟರು ಬೆರಳು ಮಡಚಿ ಗೂಡು ಮಾಡಿ ತೋರಿಸಿದರು. "ಈ ಕಾಯಿಲೆಗೆ ಎರಡು ಕಾಲ. ಮೊದಲು ಉರಿಯೋ ಕಾಲ, ಒಂದು ವರ್ಷ, ಒಂದೂವರೆ ವರ್ಷ. ಆಮೇಲೆ ಆರೋ ಕಾಲ. ಉರೀತಿರುವಾಗ ಔಷಧಿ ಹಾಕಿದರೆ ತಗ್ಗುತ್ತೆ. ಆರಿದ ಮೇಲೆ ಬೂದಿಗೆ ನೀರು ಹಾಕಿ ಏನು ಬಂತು? ಆಗ ಆಪರೇಷನ್ನೇ ದಾರಿ. ನಿಮ್ಮದು ಯಾವ ಕಾಲ ಅಂತ ಗೊತ್ತಾಗಬೇಕು. ಕಣ್ಣು ಕೆಂಪಗಿದೆ ನಿಜ. ಆದರೆ ರೆಪ್ಪೆ ಪೂರ್ತಿ ಮುಚ್ಚದೆ ಒಣಗಿದರೂ ಕೆಂಪಾಗುತ್ತೆ. ಅದಕ್ಕೇ ಹಳೇ ಫೋಟೋ ತನ್ನಿ ಅಂದಿದ್ದು."

"ಫೋಟೋಗೇನು ಬರ, ನಮ್ಮವರದ್ದೇ ಸ್ಟುಡಿಯೋ" ಎಂದು ಹೆಂಡತಿ ಪುಟ ತಿರುಗಿಸಿದಳು. ಮಗಳ ಹತ್ತನೇ ಹುಟ್ಟುಹಬ್ಬ, ನಾದಿನಿಯ ಮದುವೆ, ಹನ್ನೊಂದನೇ ಹುಟ್ಟುಹಬ್ಬ, ಹೊಸ ಮನೆಯ ಮೆಟ್ಟಿಲು. ಅವಳ ಬೆರಳು ಪ್ರತಿ ಪುಟದ ಮೂಲೆಯಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತಿತ್ತು. ಮೊದಮೊದಲು ಡಾಕ್ಟರು ಪೆನ್ನಿನ ತುದಿಯಿಂದ ಒಂದೊಂದೇ ಮುಖ ಮುಟ್ಟುವಾಗ ಅವಳೂ ಬಗ್ಗಿ ನೋಡುತ್ತಿದ್ದಳು. ನಾಲ್ಕನೆಯ ಪುಟದ ಹೊತ್ತಿಗೆ ಬಗ್ಗುವುದನ್ನು ಬಿಟ್ಟಳು. ಪುಟ ತಿರುಗಿಸುತ್ತ, ಪುಟವನ್ನು ಬಿಟ್ಟು ಅವನನ್ನು ನೋಡುತ್ತಿದ್ದಳು. ಅಥವಾ ಅವನಿಗೆ ಹಾಗನ್ನಿಸಿತು. ಆ ಕಣ್ಣುಗಳು ಈಗೀಗ ಎಲ್ಲಿ ನೋಡಿದರೂ ತನ್ನನ್ನೇ ನೋಡಿದ ಹಾಗಿರುತ್ತಿದ್ದವು.

"ಇಲ್ಲೆಲ್ಲ ಚೆನ್ನಾಗಿದೆಯಲ್ಲ. ರೆಪ್ಪೆ ಜಾಗದಲ್ಲೇ ಇದೆ." ಡಾಕ್ಟರು ಕೊನೆಯ ಪುಟಕ್ಕೆ ಬಂದು ನಿಂತರು. ಮೂರು ತಿಂಗಳ ಹಿಂದಿನ ಫೋಟೋ. ಅದರಲ್ಲಿ ಕಪ್ಪುಗುಡ್ಡೆಯ ಮೇಲೂ ಕೆಳಗೂ ಬಿಳಿ ಹರಡಿಕೊಂಡು, ಯಾರೋ ಬೆನ್ನ ಹಿಂದಿನಿಂದ ಬಂದು ಹೆದರಿಸಿದ ಹಾಗಿತ್ತು ಮುಖ. "ಇದಕ್ಕೂ ಹಿಂದಿನ ಪುಟದ್ದಕ್ಕೂ ನಡುವೆ ಎಷ್ಟು ದಿನ?"

"ಐದು ತಿಂಗಳು" ಅಂದಳು ಹೆಂಡತಿ. ಆಮೇಲೆ, ತಡೆದು, "ಆದರೆ ಡಾಕ್ಟ್ರೇ, ನನಗೆ ಎರಡು ವರ್ಷದಿಂದಲೇ ಏನೋ ಆಗ್ತಿದೆ ಅನ್ನಿಸ್ತಿತ್ತು. ಬೆಳಿಗ್ಗೆ ಎದ್ದರೆ ಕಣ್ಣಲ್ಲಿ ಮರಳು ಸುರಿದ ಹಾಗೆ. ಜನ ಯಾಕೆ ಗುರಾಯಿಸ್ತೀರಿ ಅಂತಿದ್ರು."

"ಎಲ್ಲರೂ ಹಾಗೇ ಅಂತಾರಮ್ಮ. ಕಾಯಿಲೆ ಅಂತ ಗೊತ್ತಾದ ಮೇಲೆ ಹಿಂದಿನದೆಲ್ಲ ಅದರ ಲೆಕ್ಕಕ್ಕೇ ಸೇರಿಬಿಡುತ್ತೆ. ಫೋಟೋಕ್ಕೆ ಆ ರೋಗ ಇಲ್ಲ, ಇದ್ದದ್ದನ್ನ ಇದ್ದ ಹಾಗೆ ಹೇಳುತ್ತೆ." ಡಾಕ್ಟರು ಬರೆಯತೊಡಗಿದರು. ಇಷ್ಟು ಬೇಗ ಏರಿದೆ ಎಂದರೆ ಬೆಂಕಿ ಈಗ ಜೋರಾಗಿದೆ. ವಾರಕ್ಕೊಂದು ಸಲ, ಹನ್ನೆರಡು ವಾರ, ಕೈಯ ರಕ್ತನಾಳಕ್ಕೆ ಸ್ಟಿರಾಯ್ಡು ಹನಿಸಬೇಕು. ಸಕ್ಕರೆ ಅಂಚಿನಲ್ಲಿದೆ, ಅದು ಏರಬಹುದು, ಯಕೃತ್ತಿಗೂ ಭಾರ, ಪ್ರತಿ ವಾರ ರಕ್ತ ನೋಡಬೇಕು. ಅಪಾಯ ಇಲ್ಲವೆಂದಲ್ಲ, ಆದರೆ ಫಲ ಸಿಗುವಾಗ ಅಪಾಯಕ್ಕೆ ಅರ್ಥ ಇರುತ್ತೆ. ಗುರುವಾರ ಮೊದಲನೆಯದು. ಹೆಂಡತಿ ಇನ್ನೊಂದು ಗಳಿಗೆ ಅವನ ಕಡೆ ತಿರುಗಿದ್ದಳು. ಅವನ ಗಂಟಲಿನಲ್ಲಿ ಒಂದು ವಾಕ್ಯ ಏಳುತ್ತಿತ್ತು, ಎದ್ದು ಹಲ್ಲಿನವರೆಗೆ ಬಂದು, ಡಾಕ್ಟರು ತಲೆಯೆತ್ತಿದ ಕೂಡಲೇ ಒಳಗಿಳಿದುಹೋಯಿತು.

"ಮನೇಲಿ ಯಾರಾದರೂ ಬೀಡಿ ಸಿಗರೇಟು ಸೇದ್ತೀರಾ?"

"ನಾನು... ಹೊರಗಡೆ. ಅಪರೂಪಕ್ಕೆ."

"ಹೊಗೆ ಈ ಕಾಯಿಲೆಗೆ ತುಪ್ಪ ಇದ್ದ ಹಾಗೆ. ಪಕ್ಕದವರು ಸೇದಿದ್ದೂ ಸೇರುತ್ತೆ. ಬಿಡಿ ಅದನ್ನ. ಇನ್ನೊಂದು, ನೀವೇ ಫೋಟೋದವರಲ್ಲ, ಗುರುವಾರ ಬರುವಾಗ ಇವರ ಈಗಿನ ಫೋಟೋ ತೆಗೆದು ತನ್ನಿ. ನೇರ, ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ನೋಡ್ತಿರೋದು. ಕೊನೆಗೊಂದು ಕಣ್ಣು ಮುಚ್ಚಿ."

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಳು, ಆಲ್ಬಮ್ಮನ್ನು ಎದೆಗೊತ್ತಿಕೊಂಡು. ಕಪ್ಪು ಕನ್ನಡಕದ ಎಡಗಾಜಿಗೆ ಒಳಗಿನಿಂದ ಅಂಟುಪಟ್ಟಿ ಹಚ್ಚಿತ್ತು, ಒಂದು ರಸ್ತೆ ಎರಡಾಗಿ ಕಾಣಬಾರದೆಂದು. ಎದುರು ಸೀಟಿನ ಮಗು ಆ ಕನ್ನಡಕದ ಅಂಚಿನಿಂದ ಉಬ್ಬಿ ಕಂಡದ್ದನ್ನು ದಿಟ್ಟಿಸಿ ತಾಯಿಯ ಸೆರಗಿನಲ್ಲಿ ಮುಖ ಹುಗಿಸಿತು. ಅವಳು ನಕ್ಕಳು, ಅದು ಮಗುವಿಗೆ ಕಾಣಲಿಲ್ಲ. ನೀರು ಸರಬರಾಜು ಆಫೀಸಿನ ವಿಚಾರಣೆ ಕೌಂಟರಿನಲ್ಲಿ ಒಂಬತ್ತು ವರ್ಷ ಕೂತಿದ್ದವಳು. ಯಾವ ಬೀದಿಗೆ ಎಷ್ಟು ಗಂಟೆಗೆ ನೀರು ಎಂದು ನಿದ್ದೆಯಲ್ಲೂ ಹೇಳುತ್ತಿದ್ದಳು. ಕೇಳಲು ಬಂದವರ ಮೇಲೆ ಕಣ್ಣು ಕೆಕ್ಕರಿಸುತ್ತಾಳೆ ಎಂದು ಮೂರು ದೂರು ಬಂದ ಮೇಲೆ ಅವಳನ್ನು ಹಿಂದಿನ ಕಡತದ ಕೋಣೆಗೆ ಹಾಕಿದರು. ಆ ದಿನ ಮನೆಗೆ ಬಂದು, "ಒಳ್ಳೇದೇ ಆಯ್ತು ಬಿಡಿ, ಕಡತಗಳು ಹೆದರಲ್ಲ" ಅಂದಿದ್ದಳು, ಅವನೂ ನಕ್ಕಿದ್ದ. ಆಮೇಲೆ ಆಫೀಸಿನ ಗೇಟಿನವನ ಕಥೆ. ಹೊಸ ಗುರುತಿನ ಚೀಟಿ ಹಿಡಿದು ಹೋದರೆ ಗೇಟಿನವನು ಚೀಟಿ ನೋಡುತ್ತಾನೆ, ಅವಳನ್ನು ನೋಡುತ್ತಾನೆ, ಮತ್ತೆ ಚೀಟಿ ನೋಡುತ್ತಾನೆ. ನಿಮ್ಮ ತಂಗೀದು ತಂದಿದೀರೇನಮ್ಮ ಅಂತ ಕೇಳಿದನಂತೆ. ಇಪ್ಪತ್ತು ಜನ ಹಿಂದೆ ಸಾಲು ನಿಂತಿದ್ದರಂತೆ. ಅವಳು ಕೈಯಾಡಿಸುತ್ತ ನಾಟಕ ಮಾಡಿ ತೋರಿಸಿದ್ದಳು, ಗೇಟಿನವನ ಗೊಗ್ಗರು ದನಿಯಲ್ಲಿ. ಮಗಳು ಬಿದ್ದು ಬಿದ್ದು ನಕ್ಕಿದ್ದಳು. ಕಥೆ ಮುಗಿಸಿ ಅವಳು ಒಂದು ಗಳಿಗೆ ಸುಮ್ಮನೆ ಅವನ ಮುಖ ನೋಡುತ್ತ ಕೂತಿದ್ದು ಈಗ, ಬಸ್ಸು ತಿರುವಿನಲ್ಲಿ ವಾಲಿ ಅವಳ ಭುಜ ಅವನಿಗೆ ತಾಗಿದಾಗ, ಆಗ ಕಂಡದ್ದಕ್ಕಿಂತ ಉದ್ದವಾಗಿ ನೆನಪಾಯಿತು.

"ನಾನು ಆಫೀಸಿಗೆ ಇಳೀತೀನಿ. ಸಂಜೆ ಆರಕ್ಕೆ ಬರ್ತೀನಿ, ಕತ್ತರಿಸೋ ಫೋಟೋ ಹಾಳೆ ಎತ್ತಿಡಿ" ಎಂದಷ್ಟೇ ಹೇಳಿ ಅವಳು ಇಳಿದುಹೋದಳು. ಆಲ್ಬಮ್ಮನ್ನು ಸೀಟಿನ ಮೇಲೆ ಬಿಟ್ಟಿದ್ದಳು. ಮರೆತಳೋ, ಬಿಟ್ಟಳೋ.

ಸ್ಟುಡಿಯೋದಲ್ಲಿ ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು ಕಾದು ಕೂತಿದ್ದಳು. ಫೋಟೋ ತೆಗೆದು ಪರದೆಯ ಮೇಲೆ ತೋರಿಸಿದರೆ ಅವಳು ಮೂಗು ಮುರಿದಳು. "ಅಣ್ಣ, ಕಣ್ಣು ಸ್ವಲ್ಪ ದೊಡ್ಡದು ಮಾಡ್ರಿ. ನಿದ್ದೆಯಿಂದ ಎದ್ದ ಹಾಗಿದೀನಿ." ಅವನ ಬಲಗೈ ತನ್ನಷ್ಟಕ್ಕೆ ಮೌಸಿನ ಮೇಲೆ ಹೋಗಿ ಪರದೆಯಲ್ಲಿನ ರೆಪ್ಪೆಯನ್ನು ಹಿಡಿದು ಮೇಲಕ್ಕೆಳೆಯಿತು. ಒಂದು ಕೂದಲೆಳೆ. ಇನ್ನೊಂದು. "ಹಾಂ, ಹಾಗೆ, ಇನ್ನೂ" ಅಂದಳು ಹುಡುಗಿ. ಕಪ್ಪುಗುಡ್ಡೆಯ ಮೇಲೆ ತೆಳ್ಳಗೆ ಒಂದು ಬಿಳಿ ಗೆರೆ ಹುಟ್ಟಿಕೊಂಡಿತು. ಅವನು ಕೈ ಹಿಂತೆಗೆದ. "ಸಾಕು ತಾಯಿ, ಇಷ್ಟೇ ಚೆಂದ." ಹುಡುಗಿಗೆ ಸಿಟ್ಟು ಬಂತು. ಬೇರೆ ಸ್ಟುಡಿಯೋದವರು ಕೇಳಿದಷ್ಟು ಮಾಡುತ್ತಾರೆ ಎಂದು ಗೊಣಗಿ ಹೋದಳು.

ಆ ಗೆರೆ. ಅದನ್ನು ಅವನು ಮೊದಲು ಕಂಡದ್ದು ಇದೇ ಪರದೆಯ ಮೇಲೆ, ಎರಡು ವರ್ಷ ನಾಲ್ಕು ತಿಂಗಳ ಹಿಂದೆ. ದೀಪದ ಜಾಗ ಬದಲಿಸಿದಾಗಲೆಲ್ಲ ಮೊದಲು ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿ ಒಂದು ಫೋಟೋ ತೆಗೆದು ನೋಡುವುದು ಮದುವೆಯಾದಾಗಿನಿಂದ ಬಂದ ರೂಢಿ. "ಬಾ ಇಲ್ಲಿ, ಬೆಳಕು ನೋಡೋಕೆ ಕೂತ್ಕೋ." ಅವಳು ಕತ್ತರಿಸುವ ಕೆಲಸ ಬಿಟ್ಟು, ಕೈಗೆ ಮೆತ್ತಿದ ಕಾಗದದ ಚೂರು ಕೊಡವಿಕೊಂಡು ಬಂದು ಕೂರುವಳು. ಸಿಂಗಾರವಿಲ್ಲ, ನಗುವಿಲ್ಲ, ಅವು ಯಾರಿಗೂ ತೋರಿಸಲು ಅಲ್ಲ. ಆ ದಿನ ಗೆರೆ ಕಂಡಾಗ ಅವನು ದೀಪವನ್ನು ಬೈದ. ಬೆಳಕು ಕಟುವಾಗಿದೆ, ಕಣ್ಣು ಅರಳಿಸುತ್ತಿದ್ದಾಳೆ. ದೀಪ ಹಿಂದಕ್ಕೆ ಸರಿಸಿದ. ಗೆರೆ ಹೋಗಲಿಲ್ಲ. ಮುಂದಿನ ತಿಂಗಳು ನಾದಿನಿಯ ಮದುವೆಯ ಫೋಟೋ ಸರಿಮಾಡುವಾಗ, ಅತ್ತೆಯ ಮೂಗಿನ ಹೊಳಪು ತಗ್ಗಿಸಿ, ಮದುಮಗನ ಮೊಡವೆ ಅಳಿಸಿ, ಅದೇ ಓಟದಲ್ಲಿ ಹೆಂಡತಿಯ ರೆಪ್ಪೆಯನ್ನು ಕೂದಲೆಳೆಯಷ್ಟು ಕೆಳಗಿಳಿಸಿದ. ಕೈ ಮಾಡಿತು, ಅವನು ಅದರ ಕೆಲಸಕ್ಕೆ ಅಡ್ಡ ಬರಲಿಲ್ಲ. ಆಮೇಲೆ ಹುಟ್ಟುಹಬ್ಬ, ಎರಡೆಳೆ. ಗುರುತಿನ ಚೀಟಿ, ಐದು. ಸ್ಟುಡಿಯೋದವನ ಮನೆಯಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆಯುವುದು ಮಾನಗೇಡು ಎಂದು ಅವನೇ ಕಟ್ಟಳೆ ಮಾಡಿದ್ದ. ಹಾಗಾಗಿ ಅವಳ ಮುಖ ಅವನ ಕೈ ದಾಟದೆ ಎಲ್ಲೂ ಹೋಗುತ್ತಿರಲಿಲ್ಲ. ಆಲ್ಬಮ್ಮಿನಲ್ಲಿ ಒಬ್ಬಳು ವರ್ಷದಿಂದ ವರ್ಷಕ್ಕೆ ಹಾಗೇ ಉಳಿಯುತ್ತ ಹೋದಳು. ಮನೆಯಲ್ಲಿ ಇನ್ನೊಬ್ಬಳು. ಭಾನುವಾರ ಮಧ್ಯಾಹ್ನ ಉಂಡು ಮಲಗಿದರೆ ಪಕ್ಕದಲ್ಲಿ ಅವಳ ಉಸಿರು ನಿಧಾನವಾಗಿ, ಬಾಯಿ ಸಡಿಲವಾಗಿ, ಕಣ್ಣು ಮಾತ್ರ ಬಾಗಿಲು ಪೂರ್ತಿ ಹಾಕದ ಕೋಣೆಯ ಹಾಗೆ ಒಂದು ಬಿಳಿ ಸೀಳು ಬಿಟ್ಟುಕೊಂಡಿರುತ್ತಿತ್ತು. ಅವನು ಈಚೆ ಮಗ್ಗುಲಾಗುತ್ತಿದ್ದ. ಬೆನ್ನಿಗೆ ಆ ಸೀಳು ತಾಗುತ್ತಿತ್ತು. ಎದ್ದು ಬಂದು ಸ್ಟುಡಿಯೋದಲ್ಲಿ ಆಲ್ಬಮ್ಮು ತೆರೆದು ನೋಡಿಕೊಂಡದ್ದೂ ಉಂಟು, ಹಳೆಯ ಗೆಳತಿಯನ್ನು ಕದ್ದು ನೋಡಲು ಬಂದವನ ಹಾಗೆ. ಎಂಟು ತಿಂಗಳ ಹಿಂದಿನ ಫೋಟೋ ತಿದ್ದುವುದೂ ಸರಾಗವಾಗಿ ಆಗಿತ್ತು. ಮೂರು ತಿಂಗಳ ಹಿಂದೆ ಮಾತ್ರ, ತಿದ್ದುತ್ತಿರುವಾಗ, ಹಿಂದೆ ಬಂದು ನಿಂತ ಮಗಳು ಕೇಳಿದಳು: "ಇದ್ಯಾರಪ್ಪ? ಥೇಟ್ ಅಮ್ಮನ ಥರಾನೇ ಇದಾರೆ." ಅವನು ತಿದ್ದಿದ್ದನ್ನೆಲ್ಲ ಅಳಿಸಿ, ಇದ್ದದ್ದನ್ನು ಇದ್ದ ಹಾಗೆ ಮುದ್ರಿಸಿ ಆಲ್ಬಮ್ಮಿಗೆ ಸಿಕ್ಕಿಸಿದ. ಈಗ ಡಾಕ್ಟರ ಪೆನ್ನು ನಿಂತದ್ದು ಅಲ್ಲಿಯೇ, ಆ ಎರಡು ಪುಟಗಳ ನಡುವಿನ ಕಂದಕದಲ್ಲಿ.

ಬಾಗಿಲಿಗೆ 'ಊಟಕ್ಕೆ ಹೋಗಿದ್ದೇನೆ' ಎಂಬ ಹಲಗೆ ತೂಗಿಸಿ ಅವನು ಒಳಕೋಣೆಗೆ ಹೋದ. ಬೆಳಕು ನುಸುಳಬಾರದೆಂದು ಕಿಟಕಿಗೆ ಹಲಗೆ ಹೊಡೆದ ಕೋಣೆ. ಅವಳು ಸಂಜೆ ಆರರಿಂದ ಎಂಟರವರೆಗೆ ಪಾಸ್‌ಪೋರ್ಟ್ ಅಳತೆಯ ಹಾಳೆಗಳನ್ನು ಎಂಟೆಂಟಾಗಿ ಕತ್ತರಿಸುವುದೂ, ಅವನು ಪಕ್ಕದಲ್ಲಿ ಸೇದುವುದೂ ಇಲ್ಲೇ. ಅಪರೂಪಕ್ಕೆ, ಹೊರಗಡೆ. ಗೋಡೆ ಹೊಗೆಗೆ ಹಳದಿ ತಿರುಗಿತ್ತು. ಕ್ಯಾಲೆಂಡರು ತೆಗೆದ ಜಾಗ ಮಾತ್ರ ಬಿಳಿ. ಹಳೆಯ ಡಿಸ್ಕಿನಲ್ಲಿ 'ಬೆಳಕು' ಎಂಬ ಹೆಸರಿನ ಕಡತ ಇತ್ತು. ಬೇಡದ್ದನ್ನು ಅಳಿಸುವಷ್ಟು ಪುರುಸೊತ್ತಿಲ್ಲದೆ ಉಳಿದದ್ದು. ಹದಿನಾರು ಮುಖ, ಒಂದೊಂದಕ್ಕೂ ದಿನಾಂಕ. ಅವನು ಸಾಲಾಗಿ ಇಟ್ಟ. ಮೊದಲನೆಯದರಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಗೆರೆ. ಮೂರು, ನಾಲ್ಕು, ಐದರಲ್ಲಿ ರೆಪ್ಪೆ ಊದಿ, ಕಣ್ಣಿನ ಮೂಲೆ ಕೆಂಪೇರಿ, ತಿಂಗಳಿಂದ ತಿಂಗಳಿಗೆ ಕಣ್ಣು ಬಾಗಿಲಿಗೆ ಬಂದು, ಹೊಸ್ತಿಲು ದಾಟಿ. ಹನ್ನೊಂದರವರೆಗೆ ಏರುತ್ತಲೇ ಹೋಗಿತ್ತು. ಅಲ್ಲಿಂದ ಮುಂದೆ, ಹನ್ನೊಂದರಿಂದ ಹದಿನಾರು, ಕಳೆದ ಹತ್ತು ತಿಂಗಳು, ಅವನು ಒಂದರ ಮೇಲೊಂದು ಇಟ್ಟು ಅಳೆದು ನೋಡಿದ, ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಉರಿಯೋ ಕಾಲ, ಆರೋ ಕಾಲ. ಬೆಂಕಿ ಈ ಕಡತದೊಳಗೆ ಹೊತ್ತಿ, ಅವನ ಕಣ್ಣೆದುರೇ ಧಗಧಗಿಸಿ, ಆರಿಯೂ ಹೋಗಿತ್ತು. ಗುರುವಾರ ಬೂದಿಗೆ ನೀರು ಹೊಯ್ಯಲು ಅವಳ ನರ ಚುಚ್ಚುತ್ತಾರೆ, ಹನ್ನೆರಡು ಸಲ. ಫೋಟೋ ಹೇಳಿತೆಂದು.

ಡಾಕ್ಟರ ಹತ್ತಿರ ಒಬ್ಬನೇ ಹೋಗಿ ಕೊಟ್ಟುಬಿಡಲೇ ಎಂದುಕೊಂಡ. ಕಂಪ್ಯೂಟರಿನ ತಪ್ಪಿನಿಂದ ಬೇರೆ ಬೇರೆ ಫೋಟೋ ಮುದ್ರಣವಾಯಿತು ಅನ್ನಲೇ. ಈ ವಯಸ್ಸಿನಲ್ಲಿ ಕಂಪ್ಯೂಟರಿನ ತಲೆಗೆ ಕಟ್ಟುವ ಬುದ್ಧಿ. ಹದಿನಾರನ್ನೂ ಎರಡು ಹಾಳೆಗಳ ಮೇಲೆ ಪಾಸ್‌ಪೋರ್ಟ್ ಅಳತೆಯಲ್ಲಿ ಮುದ್ರಿಸಿದ. ಮುದ್ರಿಸುವ ಮುಂಚೆ ಬಲಗೈ ಅಭ್ಯಾಸದಂತೆ ಒಮ್ಮೆ ಮುಂದೆ ಹೋಯಿತು, ಹನ್ನೊಂದನೆಯ ಮುಖದ ಕಡೆಗೆ. ಅದನ್ನು ಎಡಗೈಯಿಂದ ಹಿಡಿದುಕೊಂಡು ಕೂತ. ಆಮೇಲೆ ಆ ಹಾಳೆಗಳನ್ನು ಅವಳಿಗೆ ಎತ್ತಿಟ್ಟಿದ್ದ ಕಟ್ಟಿನಲ್ಲಿ, ಗಿರಾಕಿಗಳ ಮೂರು ಹಾಳೆಗಳ ಕೆಳಗೆ ತೂರಿಸಿದ. ಇದಕ್ಕಿಂತ ದೊಡ್ಡ ಹೇಡಿತನ ಅವನಿಗೆ ಹೊಳೆಯಲಿಲ್ಲ, ಇದಕ್ಕಿಂತ ದೊಡ್ಡ ಧೈರ್ಯವೂ.

ಆರಕ್ಕೆ ಅವಳು ಬಂದಳು. ಚಪ್ಪಲಿ ಬಿಟ್ಟು, ಕನ್ನಡಕ ತೆಗೆದು ಕಣ್ಣಿಗೆ ಹನಿ ಹಾಕಿಕೊಂಡು, ಸ್ವಲ್ಪ ಹೊತ್ತು ತಲೆ ಹಿಂದಕ್ಕೆ ಚೆಲ್ಲಿ ಕೂತು, ಆಮೇಲೆ ಕತ್ತರಿಸುವ ಹಲಗೆಯ ಮುಂದೆ ಬಂದಳು. ಈಚೆಗೆ ಅವಳು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಒಂದೇ ಕೈಯಲ್ಲಿ ಕತ್ತಿ ಎಳೆಯುವುದನ್ನು ರೂಢಿಸಿಕೊಂಡಿದ್ದಳು. ಮೊದಲ ಹಾಳೆ. ಎರಡನೆಯದು. ಅವನು ಹೊರಕೋಣೆಯಲ್ಲಿ ಸ್ಟುಡಿಯೋ ದೀಪದ ಕಂಬ ಒರೆಸುತ್ತ ಕತ್ತಿಯ ಸದ್ದನ್ನೇ ಎಣಿಸುತ್ತಿದ್ದ. ಮೂರನೆಯದು. ನಾಲ್ಕನೆಯ ಹಾಳೆಗೆ ಸದ್ದು ನಿಲ್ಲುತ್ತದೆ ಎಂದು ಕಾದ. ನಿಲ್ಲಲಿಲ್ಲ. ಅದೇ ಅಳತೆ, ಅದೇ ಓಟ, ಐದನೆಯ ಹಾಳೆಯ ಕೊನೆಯ ಅಂಚಿನವರೆಗೆ.

"ರೀ. ಇಲ್ಲೊಂದು ಹೆಸರಿನ ಚೀಟಿ ಇಲ್ಲದ್ದು ಇದೆ. ಯಾವ ಗಿರಾಕೀದು?"

ಅವನು ಒಳಗೆ ಹೋದ. ಹದಿನಾರು ಚೌಕಗಳು ಹಲಗೆಯ ಮೇಲೆ ದಿನಾಂಕದ ಸಾಲಿನಲ್ಲಿ, ಬಿಳಿಯಂಚು ಒಂದಿಷ್ಟೂ ಸೊಟ್ಟಗಾಗದೆ.

"ನಿಂದು."

"ನಂದಾ." ಅವಳು ಒಂದನ್ನು ಕೈಗೆತ್ತಿಕೊಂಡು ಹತ್ತಿರ ಹಿಡಿದಳು, ದೂರ ಹಿಡಿದಳು. "ಪಾಪ, ಇವಳಿಗೆ ಯಾರೂ ಒಂದು ಮಾತು ಹೇಳಲಿಲ್ಲ ನೋಡಿ."

"ನಿನಗೆ... ಯಾವಾಗ ಗೊತ್ತಾಯ್ತು?"

"ಗೇಟಿನವನು ನಿಲ್ಲಿಸಿದ ದಿನ. ಅದೊಂದೇ ಅಂದ್ಕೊಂಡಿದ್ದೆ. ಚೀಟಿಗೆ ಎಲ್ಲರೂ ಮಾಡಿಸ್ತಾರಲ್ಲ. ಮನೆಗೆ ಬಂದು ಕಥೆ ಹೇಳಿದೆ, ನೀವೇನಾದರೂ ಅಂತೀರೇನೋ ಅಂತ. ನಕ್ಕು ಎದ್ದು ಹೋದ್ರಿ. ಆಲ್ಬಮ್ಮು ತುಂಬ ಆ ಗುರುತಿನ ಚೀಟಿಯವಳೇ ಇದಾಳೆ ಅಂತ ಗೊತ್ತಾಗಿದ್ದು ಇವತ್ತು, ಆ ಡಾಕ್ಟ್ರ ಮೇಜಿನ ಮೇಲೆ."

"ಅಲ್ಲೇ ಹೇಳಬಹುದಿತ್ತಲ್ಲ."

"ನಾನು ಎರಡು ವರ್ಷ ಅಂದೆ. ಫೋಟೋ, ಇಲ್ಲ, ಅಂತು. ಯಾರ ಮಾತು ನಡೀತು?" ದನಿ ಏರಲಿಲ್ಲ. "ಪುಟ ಎಷ್ಟು ನಿಧಾನಕ್ಕೆ ತಿರುಗಿಸಿದೆ ಅಂತ ನೋಡಿದ್ರಲ್ಲ. ಇನ್ನೆಷ್ಟು ನಿಧಾನಕ್ಕೆ ತಿರುಗಿಸಬೇಕಿತ್ತು?"

"ನಿನಗೆ ಬೇಜಾರಾಗುತ್ತೆ ಅಂತ..."

"ಬೀದೀಲಿ ಎಲ್ಲರೂ ಮುಖ ತಿರುಗಿಸ್ಕೊಂಡು ಹೋಗ್ತಾರೆ. ನೀವೊಬ್ಬರು ನೋಡ್ತಿದೀರಿ ಅಂದ್ಕೊಂಡಿದ್ದೆ." ಅವಳು ಚೌಕಗಳನ್ನು ಒಟ್ಟುಮಾಡಿ, ಗಿರಾಕಿಗೆ ಕೊಡುವ ಚಿಕ್ಕ ಲಕೋಟೆಗೆ ಹಾಕಿ ಮುಂದಿಟ್ಟಳು. "ಗುರುವಾರದ ಸೂಜಿ ಆ ಆಲ್ಬಮ್ಮಿನವಳಿಗೆ ಚುಚ್ಚಿಸಿ. ಫೋನ್ ಮಾಡಿ ಡಾಕ್ಟ್ರಿಗೆ. ಈಗ, ಇಲ್ಲೇ. ನನಗೆ ಕೇಳಿಸಬೇಕು."

ಅವನು ಮಾಡಿದ. ಹೇಳಬೇಕಾದ ವಾಕ್ಯ ಕೊನೆಗೆ ಎಷ್ಟು ಚಿಕ್ಕದಾಗಿತ್ತೆಂದರೆ ಡಾಕ್ಟರು ಎರಡು ಸಲ ಹೇಳಿಸಿದರು. ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ: "ಇವತ್ತೇ ಹೇಳಿದಿರಿ. ಸರಿ. ಗುರುವಾರ ಸೂಜಿ ಬೇಡ. ಆ ಹದಿನಾರನ್ನೂ ತನ್ನಿ, ಒಂದು ಸ್ಕ್ಯಾನ್ ಮಾಡೋಣ. ಆರಿರೋದೇ ಆದರೆ ಮೂಳೆ ಗೂಡು ಅಗಲಿಸೋ ಆಪರೇಷನ್ನು, ಆಮೇಲೆ ಸ್ನಾಯು, ಕೊನೆಗೆ ರೆಪ್ಪೆ. ಒಂದೊಂದೇ. ಟೈಮ್ ಹಿಡಿಯುತ್ತೆ."

"ಡಾಕ್ಟ್ರೇ, ಮೊದಲೇ, ಆ ಎರಡನೇ ಫೋಟೋ ತೆಗೆದಾಗಲೇ ಬಂದಿದ್ದರೆ..."

"ಅದನ್ನ ನನ್ನ ಕೇಳಬೇಡಿ" ಎಂದು ಡಾಕ್ಟರು ಫೋನಿಟ್ಟರು.

ಅವಳು ಆಗಲೇ ಎದ್ದು ಹೊರಗಿನ ಸ್ಟೂಲಿನ ಮೇಲೆ ಕೂತಿದ್ದಳು, ಕೈಗೆ ಮೆತ್ತಿದ ಕಾಗದದ ಚೂರು ಕೊಡವಿಕೊಳ್ಳುತ್ತ. "ಬನ್ನಿ, ಆರು ಫೋಟೋ ಬೇಕಂತಲ್ಲ. ದೀಪ ಹಾಕಿ." ಅವನು ಸಿಗರೇಟಿನ ಪ್ಯಾಕನ್ನು ಜೇಬಿನಿಂದ ತೆಗೆದು ಎಲ್ಲಿಡುವುದೆಂದು ನೋಡಿ, ಕಸದ ಬುಟ್ಟಿಗೆ ಹಾಕಿದ. ಅವಳು ಅದನ್ನು ನೋಡಿ ಕ್ಯಾಮೆರಾದ ಕಡೆ ತಿರುಗಿದಳು. ನೇರ. ಎಡಕ್ಕೆ, ಎಡಗಣ್ಣು ಹೋಯಿತು, ಬಲಗಣ್ಣು ಅರ್ಧ ದಾರಿಯಲ್ಲಿ ನಿಂತಿತು. ಬಲಕ್ಕೆ. ಮೇಲೆ ನೋಡು ಅಂದಾಗ ಹಣೆ ಮಾತ್ರ ಏರಿತು. ಕೆಳಗೆ. ಇಪ್ಪತ್ತು ವರ್ಷದಿಂದ ಈ ಸ್ಟೂಲಿನ ಮೇಲೆ ಕೂತ ಸಾವಿರಾರು ಜನಕ್ಕೆ ಅವನು ಹೇಳುತ್ತ ಬಂದದ್ದು ಒಂದೇ ಮಾತು, ಕಣ್ಣು ಮಿಟುಕಿಸಬೇಡಿ, ಬಿಟ್ಟುಕೊಂಡಿರಿ.

"ಈಗ ಕಣ್ಣು ಮುಚ್ಚು" ಅಂದ.

ಲೆನ್ಸಿನೊಳಗೆ ಅವಳ ಮುಖ ಇತ್ತು, ಹಣೆ ಸಡಿಲವಾಗಿ, ತುಟಿ ಸಡಿಲವಾಗಿ. ಎರಡು ರೆಪ್ಪೆಗಳ ಕೆಳಗೆ ಎರಡು ಬಿಳಿ ಸೀಳು, ದೀಪದ ಬೆಳಕು ಅವುಗಳಲ್ಲಿ ಒದ್ದೆಯಾಗಿ ನಿಂತಿತ್ತು. ಅವನು ಕಾದ. ಬೆರಳು ಗುಂಡಿಯ ಮೇಲಿತ್ತು.

"ಮುಚ್ಚು" ಎಂದ ಮತ್ತೆ, ಮೆಲ್ಲಗೆ.

"ಮುಚ್ಚಿದೀನಿ" ಅಂದಳು ಅವಳು. "ತೆಗೀರಿ."